ಫಲಕ ಇದೆ, ವಖಾರಿ ಇಲ್ಲ: ಟೂ-ಡಿ ಅರೇ ಮತ್ತು ‘ನಲ್ ಪಾಯಿಂಟರ್’ ಗುಟ್ಟು

ಅಡಿಕೆ ತೂಕವಾಗಿದೆ, ಚೀಟಿ ಮಾತ್ರ ಬರುತ್ತಿಲ್ಲ. ಕೌಂಟರಿನ ಪರದೆ ತುಂಬ ಕೆಂಪಕ್ಷರ, ಅದರ ತಲೆಯಲ್ಲಿ ‘ನಲ್ ಪಾಯಿಂಟರ್ ಎಕ್ಸೆಪ್ಶನ್’. ಸಾಲಿನಲ್ಲಿ ನಿಂತವರು ‘ಎಂತ ಆತು ಮಾರಾಯಾ’ ಎಂದು ಕೇಳಿದರೆ ಒಳಗಿನಿಂದ ಬರುವ ಉತ್ತರ ಒಂದೇ: ಸಾಫ್ಟ್‌ವೇರ್ ಕೈಕೊಟ್ಟಿದೆ. ಶಿರಸಿಯಲ್ಲೋ ಕಾರವಾರದಲ್ಲೋ ಬಿಸಿಎ, ಡಿಪ್ಲೊಮಾ, ಇಂಜಿನಿಯರಿಂಗ್ ಓದುವ ಮಕ್ಕಳಿಗೆ ಲ್ಯಾಬಿನಲ್ಲಿ ಎದುರಾಗುವುದೂ ಇದೇ ಹೆಸರು. ಪ್ರೋಗ್ರಾಂ ಕಂಪೈಲ್ ಆಗಿರುತ್ತದೆ (ಯಂತ್ರ ಓಡಿಸಬಲ್ಲ ರೂಪಕ್ಕೆ ಬದಲಾಗಿರುತ್ತದೆ), ಒಂದು ತಪ್ಪೂ ತೋರಿಸಿರುವುದಿಲ್ಲ, ಓಡಿಸಿದ ಮರುಕ್ಷಣ ಕವುಚಿ ಬೀಳುತ್ತದೆ.

ಈ ದೋಷಕ್ಕೆ ಕಾರಣ ಹಲವು. ಅವುಗಳಲ್ಲಿ ಸಾಲು-ಕಂಬಗಳ ಕೋಷ್ಟಕವನ್ನು, ಅಂದರೆ ಟೂ-ಡಿ ಅರೇಯನ್ನು, ಅರ್ಧಂಬರ್ಧ ತಯಾರು ಮಾಡಿ ಬಳಸಲು ಹೊರಡುವುದು ಬಲು ಸಾಮಾನ್ಯ. ಕೋಷ್ಟಕ ‘ಇದೆ’ ಎನ್ನಬೇಕಾದರೆ ಎಷ್ಟು ಕೆಲಸ ಮುಗಿದಿರಬೇಕು ಎಂಬ ಲೆಕ್ಕ ತಿಳಿದರೆ ಉಳಿದದ್ದು ಕಷ್ಟವಲ್ಲ.

ಇಲ್ಲಿನ ಉದಾಹರಣೆಗಳು ಹೆಚ್ಚಾಗಿ ಜಾವಾ ಎಂಬ ಪ್ರೋಗ್ರಾಂ ಭಾಷೆಯವು, ಕನ್ನಡ ಅಕ್ಷರದಲ್ಲೇ ಬರೆದಿವೆ. ಕ್ಲಾಸ್, ನ್ಯೂ, ಇಂಟ್ ಮುಂತಾದ ಭಾಷೆಯ ಸ್ವಂತ ಪದಗಳನ್ನು ಕಂಪ್ಯೂಟರಿನಲ್ಲಿ ಇಂಗ್ಲಿಷ್ ಲಿಪಿಯಲ್ಲೇ ಒತ್ತಬೇಕು. ತೂಕ, ವಖಾರಿ ಎಂಬಂಥ ನಾವಿಟ್ಟ ಹೆಸರುಗಳು ಕನ್ನಡದಲ್ಲೇ ಇದ್ದರೂ ಜಾವಾ ತಕರಾರು ತೆಗೆಯುವುದಿಲ್ಲ; ಯೂನಿಕೋಡ್ ಅಕ್ಷರಗಳು ಅದಕ್ಕೆ ಒಪ್ಪಿಗೆ.

ಅರೇ ಎಂದರೆ ಏನು

ಒಂದೇ ಜಾತಿಯ ಮಾಹಿತಿಯನ್ನು ಸಾಲಾಗಿ ಇಡುವ ಜಾಗವೇ ಅರೇ. ಸೋಮವಾರದಿಂದ ಶುಕ್ರವಾರದವರೆಗೆ ಬಂದ ಚಾಲಿ ಅಡಿಕೆಯ ತೂಕ ಬರೆದಿಡಲು ಐದು ಮನೆಗಳ ಒಂದು ಸಾಲು ಸಾಕು. ರಾಶಿ, ಚಾಲಿ, ಬೆಟ್ಟೆ, ಕೆಂಪುಗೋಟು ಎಂಬ ನಾಲ್ಕೂ ಬಗೆಗೆ ಬೇಕೆಂದರೆ ಅಂಥ ನಾಲ್ಕು ಸಾಲು ಬೇಕು. ಒಟ್ಟು 20 ಮನೆ. ಎಣಿಕೆ ಶುರುವಾಗುವುದು ಸೊನ್ನೆಯಿಂದ. ಹಾಗಾಗಿ ತೂಕ[0][0] ಎಂದರೆ ಸೋಮವಾರದ ರಾಶಿ, ತೂಕ[3][4] ಎಂದರೆ ಶುಕ್ರವಾರದ ಕೆಂಪುಗೋಟು. ತೂಕ[4] ಎಂಬ ಸಾಲೇ ಇಲ್ಲ.

ಪಠ್ಯಪುಸ್ತಕದ ಚಿತ್ರದಲ್ಲಿ ಇದು ಚೌಕಾಬಾರದ ಮನೆಯಂತೆ ಒಂದೇ ತುಂಡಿನ ಪಟ್ಟಿಯಾಗಿ ಕಾಣುತ್ತದೆ. ಎಡವಟ್ಟು ಶುರುವಾಗುವುದು ಆ ಚಿತ್ರದಿಂದಲೇ. ಜಾವಾದಲ್ಲಿ ಟೂ-ಡಿ ಅರೇ ಒಂದೇ ತುಂಡಲ್ಲ. ಹೊರಗಿನ ಅರೇಯ ನಾಲ್ಕು ಮನೆಗಳಲ್ಲಿ ತೂಕವಿಲ್ಲ, ನಾಲ್ಕು ವಿಳಾಸಗಳಿವೆ. ಒಂದೊಂದು ವಿಳಾಸವೂ ಮೆಮೊರಿಯಲ್ಲಿ ಬೇರೆಲ್ಲೋ ಇರುವ ಒಂದೊಂದು ಸಾಲನ್ನು ತೋರಿಸುತ್ತದೆ. ಅರೇಗಳ ಅರೇ ಎನ್ನುವುದೇ ಸರಿ.

ಫಲಕ, ಕಟ್ಟಡ, ಸಾಲು, ಚೀಲ

ಶಿರಸಿ ಪೇಟೆಯ ಒಂದು ಅಡಿಕೆ ವಖಾರಿಯನ್ನೇ ತೆಗೆದುಕೊಳ್ಳಿ. ರಸ್ತೆ ಬದಿಗೆ ಹೆಸರಿನ ಫಲಕ ನಿಲ್ಲಿಸುವುದು ಮೊದಲ ಕೆಲಸ. ಜಾವಾದಲ್ಲಿ ಅದು ಹೀಗೆ:

ಇಂಟ್[][] ತೂಕ;

ಇಂಟ್ ಎಂದರೆ ಪೂರ್ಣಾಂಕ. ಇದು ಬರೀ ಫಲಕ. ಹಿಂದೆ ಖಾಲಿ ಗದ್ದೆ. ಈ ಹೆಸರು ಯಾವ ಕಟ್ಟಡವನ್ನೂ ತೋರಿಸುತ್ತಿಲ್ಲ ಎಂಬ ಸ್ಥಿತಿಗೇ ‘ನಲ್’ ಎನ್ನುತ್ತಾರೆ. ಇನ್ನು ಕಟ್ಟಡ:

ತೂಕ = ನ್ಯೂ ಇಂಟ್[4][];

ಎರಡನೆಯ ಆವರಣದೊಳಗೆ ಏನೂ ಇಲ್ಲ ಎಂಬುದನ್ನು ಗಮನಿಸಿ. ಕಟ್ಟಡ ಎದ್ದಿದೆ, ನಾಲ್ಕು ಸಾಲಿಗೆ ಜಾಗ ಗುರುತಾಗಿದೆ, ಆದರೆ ಒಂದು ಸಾಲನ್ನೂ ಹಾಕಿಲ್ಲ. ನಾಲ್ಕೂ ಮನೆಗಳಲ್ಲಿ ನಲ್. ಈಗ ತೂಕ[0][0] = 65 ಎಂದು ಬರೆದರೆ ನಲ್ ಪಾಯಿಂಟರ್ ದೋಷ ಬಂದು ಪ್ರೋಗ್ರಾಂ ನಿಂತೇ ಹೋಗುತ್ತದೆ. ಸಾಲುಗಳನ್ನು ಒಂದೊಂದಾಗಿ ಹಾಕಬೇಕು:

ತೂಕ[0] = ನ್ಯೂ ಇಂಟ್[5];

ಅಥವಾ ಮೊದಲೇ ನ್ಯೂ ಇಂಟ್[4][5] ಎಂದು ಎರಡೂ ಅಳತೆ ಕೊಟ್ಟರೆ ಜಾವಾ ಕಟ್ಟಡವನ್ನೂ ನಾಲ್ಕು ಸಾಲುಗಳನ್ನೂ ಒಟ್ಟಿಗೆ ಮಾಡಿಕೊಡುತ್ತದೆ. ಸಂಖ್ಯೆಗಳ ಕೋಷ್ಟಕಕ್ಕೆ ಅಷ್ಟು ಸಾಕು. 20 ಮನೆಗಳಲ್ಲೂ ಸೊನ್ನೆ ಕೂತಿರುತ್ತದೆ.

ಮನೆಯೊಳಗೆ ಸಂಖ್ಯೆಯ ಬದಲು ವಸ್ತು (ಆಬ್ಜೆಕ್ಟ್) ಬೇಕೆಂದಾಗ ನಾಲ್ಕನೆಯ ಕೆಲಸ ಬರುತ್ತದೆ. ರೈತನ ಹೆಸರು, ತೂಕ, ದರ ಮೂರನ್ನೂ ಹಿಡಿದಿಡುವ ‘ಲಾಟ್’ ಎಂಬ ಕ್ಲಾಸ್, ಅಂದರೆ ಅಂಥ ವಸ್ತುವಿನ ನಕ್ಷೆ, ಬರೆದಿದ್ದೀರಿ ಎನ್ನೋಣ.

ಲಾಟ್[][] ಸರಕು = ನ್ಯೂ ಲಾಟ್[4][5];

ಇದನ್ನು ಓದಿದರೆ ಇಪ್ಪತ್ತು ಲಾಟ್ ತಯಾರಾದವು ಎಂದೇ ಅನಿಸುತ್ತದೆ. ಒಂದೂ ಆಗಿಲ್ಲ. ಲಾಟ್ ಇಡಲು ಇಪ್ಪತ್ತು ಜಾಗ ಆಯಿತು, ಇಪ್ಪತ್ತರಲ್ಲೂ ನಲ್. ಲಾಟ್ ಕ್ಲಾಸಿನ ಕನ್ಸ್ಟ್ರಕ್ಟರ್, ಅಂದರೆ ಹೊಸ ವಸ್ತುವನ್ನು ಸಿದ್ಧಮಾಡುವ ಭಾಗ, ಒಮ್ಮೆಯೂ ಓಡಿಲ್ಲ. ಸರಕು[1][2].ಮೊತ್ತ() ಎಂದು ಕರೆದರೆ ಖಾಲಿ ಜಾಗದ ಹತ್ತಿರ ನಿಂತು ‘ಈ ಚೀಲ ತೂಗಿ’ ಎಂದ ಹಾಗೆ. ಎರಡು ಫಾರ್ ಲೂಪ್ (ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವ ಸುತ್ತು) ಹಾಕಿ ಒಂದೊಂದು ಮನೆಗೂ ನ್ಯೂ ಲಾಟ್() ಇಡಬೇಕು.

ಲೂಪಿನಲ್ಲೂ ಒಂದು ಗುಂಡಿ ಇದೆ. ಚಿಕ್ಕದಾಗಿ ಮುಗಿಯಲಿ ಎಂದು ಫಾರ್ (ಲಾಟ್ ಒಂದು : ಸಾಲು) ಒಂದು = ನ್ಯೂ ಲಾಟ್(); ಎಂದು ಬರೆಯುವವರಿದ್ದಾರೆ. ಇಲ್ಲಿ ‘ಒಂದು’ ಎಂಬುದು ಮನೆಯಲ್ಲಿರುವುದರ ನಕಲು ಮಾತ್ರ. ಹೊಸ ಲಾಟ್ ಆ ನಕಲಿಗೆ ಹೋಗಿ ಲೂಪಿನ ಜೊತೆಗೇ ಮಾಯವಾಗುತ್ತದೆ, ಅರೇ ಮಾತ್ರ ಇದ್ದ ಹಾಗೇ ಖಾಲಿ. ತುಂಬುವುದಕ್ಕೆ ಸರಕು[ಬಗೆ][ದಿನ] ಎಂದು ಸಂಖ್ಯೆ ಹಿಡಿದೇ ಹೋಗಬೇಕು.

ಸೊನ್ನೆ ಬೇರೆ, ನಲ್ ಬೇರೆ

ಚೆನ್ನೆಮಣೆಯಲ್ಲಿ ಎರಡು ಸಾಲು, ಸಾಲಿಗೆ ಏಳು ಗುಳಿ. ಆಟದ ನಡುವೆ ಒಂದು ಗುಳಿಯ ಕಾಳೆಲ್ಲ ಖಾಲಿಯಾದರೆ ಆ ಗುಳಿಯಲ್ಲಿ ಸೊನ್ನೆ. ಕೈ ಹಾಕಬಹುದು, ಎಣಿಸಬಹುದು, ಮತ್ತೆ ಕಾಳು ಬಿಡಬಹುದು. ಮಣೆಯೇ ಇಲ್ಲದಿದ್ದರೆ ಕೈ ಹಾಕುವುದೆಲ್ಲಿಗೆ? ಅದು ನಲ್.

ಜಾವಾ ಹೊಸ ಅರೇಯ ಮನೆಗಳಿಗೆ ತಾನೇ ಆರಂಭದ ಬೆಲೆ ಹಾಕುತ್ತದೆ. ಇಂಟ್‌ಗೆ 0, ದಶಮಾಂಶ ಸಂಖ್ಯೆಯ ಡಬಲ್‌ಗೆ 0.0, ನಿಜ-ಸುಳ್ಳು ಹೇಳುವ ಬೂಲಿಯನ್‌ಗೆ ಫಾಲ್ಸ್. ವಸ್ತುಗಳೆಲ್ಲಕ್ಕೂ ನಲ್, ಅಕ್ಷರಗಳನ್ನು ಹಿಡಿದಿಡುವ ಸ್ಟ್ರಿಂಗ್ ಕೂಡ ವಸ್ತುವೇ. ಇಂಟ್ ಬದಲು ಇಂಟೀಜರ್ ಎಂದು ಬರೆದಾಗ ಆಗುವ ಗಲಿಬಿಲಿ ಇದರಿಂದಲೇ. ನೋಡಲು ಎರಡೂ ಒಂದೇ ಎನಿಸಿದರೂ ಇಂಟೀಜರ್ ಒಂದು ಕ್ಲಾಸ್. ನ್ಯೂ ಇಂಟೀಜರ್[4][5] ಎಂದರೆ ಇಪ್ಪತ್ತು ಸೊನ್ನೆಗಳಲ್ಲ, ಇಪ್ಪತ್ತು ನಲ್‌ಗಳು. ಅವುಗಳನ್ನು ಕೂಡಿಸಲು ಹೋದ ಮೊದಲ ಸಲವೇ ದೋಷ.

ನಲ್ ಎಂಬ ಈ ಏರ್ಪಾಡು ಜಾವಾಕ್ಕಿಂತ ಹಳೆಯದು. ಬ್ರಿಟನ್ನಿನ ಕಂಪ್ಯೂಟರ್ ವಿಜ್ಞಾನಿ ಟೋನಿ ಹೋರ್ 1965ರಲ್ಲಿ ಅಲ್ಗಾಲ್ ಡಬ್ಲ್ಯೂ ಎಂಬ ಭಾಷೆಗೆ ಇದನ್ನು ಸೇರಿಸಿದರು. ಮಾಡುವುದು ಸುಲಭವಾಗಿತ್ತು ಎಂಬುದೇ ಕಾರಣ. 2009ರಲ್ಲಿ ಅವರೇ ಅದನ್ನು ತಮ್ಮ ‘ನೂರು ಕೋಟಿ ಡಾಲರಿನ ತಪ್ಪು’ ಎಂದು ಕರೆದರು.

ಕಂಪೈಲರ್ ಯಾಕೆ ಹೇಳಲಿಲ್ಲ?

ಒಂದು ಮೆಥಡ್‌ನ (ಕ್ಲಾಸಿನೊಳಗೆ ಒಂದು ಕೆಲಸ ಮಾಡುವ ಭಾಗದ) ಒಳಗೇ ಹುಟ್ಟಿದ ಹೆಸರಿಗೆ ಬೆಲೆ ಕೊಡದೆ ಬಳಸಿದರೆ ಜಾವಾ ಕಂಪೈಲರ್ ಅಲ್ಲೇ ತಡೆಯುತ್ತದೆ. ಆ ಮೆಥಡ್‌ನ ದಾರಿಗಳೆಲ್ಲ ಅದರ ಕಣ್ಣ ಮುಂದಿವೆ. ಇಫ್‌ನ ಒಂದು ಕವಲಿನಲ್ಲಿ ಬೆಲೆ ಸಿಕ್ಕು ಇನ್ನೊಂದರಲ್ಲಿ ಸಿಗದಿದ್ದರೂ ಹಿಡಿಯುತ್ತದೆ. ಕ್ಲಾಸಿನ ಮಟ್ಟದಲ್ಲಿರುವ ಹೆಸರಿನ, ಅಂದರೆ ಫೀಲ್ಡ್‌ನ, ಕತೆ ಹಾಗಲ್ಲ. ಕ್ಲಾಸಿನ ಯಾವ ಮೆಥಡನ್ನು ಯಾರು ಯಾವಾಗ ಕರೆಯುತ್ತಾರೆ ಎಂಬುದು ಕಂಪೈಲ್ ಮಾಡುವಾಗ ತಿಳಿಯದು. ಹಾಗಾಗಿ ಅರೇಯಂಥ ಫೀಲ್ಡಿಗೆ ಸುಮ್ಮನೆ ನಲ್ ಇಟ್ಟು ಮುಂದೆ ಹೋಗುತ್ತದೆ. ವಸ್ತುಗಳ ಸುತ್ತ ಕಟ್ಟಿದ ಭಾಷೆಗಳಲ್ಲಿ ಈ ದೋಷ ಹೆಚ್ಚು ಕಾಣುವುದಕ್ಕೆ ಇದೊಂದು ಕಾರಣ: ಅಲ್ಲಿ ಮಾಹಿತಿಯೆಲ್ಲ ಇರುವುದು ಫೀಲ್ಡುಗಳಲ್ಲೇ.

ವಿದ್ಯಾರ್ಥಿಗಳು ತಾವಾಗಿ ತಂದುಕೊಳ್ಳುವ ತೊಂದರೆಯೂ ಇದೆ. ‘ಬೆಲೆ ಕೊಟ್ಟಿಲ್ಲ’ ಎಂದು ಕಂಪೈಲರ್ ಬೈದಾಗ ಇಂಟ್[][] ತೂಕ = ನಲ್; ಎಂದು ಬರೆದು ಅದರ ಬಾಯಿ ಮುಚ್ಚಿಸುತ್ತಾರೆ. ಬೈಗುಳ ನಿಂತಿತು, ಕಂಪೈಲ್ ಆಯಿತು. ಕಂಪೈಲರ್ ಬಿಟ್ಟಿಯಾಗಿ ಹಿಡಿದುಕೊಟ್ಟ ತಪ್ಪು ಈಗ ಎಕ್ಸಾಮಿನರ್ ಎದುರು, ಇಲ್ಲವೇ ಅಡಿಕೆ ಟೆಂಡರ್ ದಿನ, ಹೊರಬರುತ್ತದೆ. ಆ ಜಾಗದಲ್ಲಿ ನಲ್ ಬರೆಯುವುದು ದುರಸ್ತಿಯೇ ಅಲ್ಲ.

ಒಂದೇ ಹೆಸರಿನ ಎರಡು ಫಲಕ

ಈ ಕ್ಲಾಸನ್ನು ನಿಧಾನವಾಗಿ ಓದಿ. ಎಲ್ಲವೂ ಸರಿಯಿರುವಂತೆ ಕಾಣುತ್ತದೆ.

ಕ್ಲಾಸ್ ವಖಾರಿ {
  ಇಂಟ್[][] ತೂಕ;
  ವಖಾರಿ() {
    ಇಂಟ್[][] ತೂಕ = ನ್ಯೂ ಇಂಟ್[4][5];
  }
  ವಾಯ್ಡ್ ಬರೆ(ಇಂಟ್ ಬಗೆ, ಇಂಟ್ ದಿನ, ಇಂಟ್ ಕಿಲೊ) {
    ತೂಕ[ಬಗೆ][ದಿನ] += ಕಿಲೊ;
  }
}

ನ್ಯೂ ಇದೆ, ಎರಡೂ ಅಳತೆ ಇವೆ. ಆದರೂ ‘ಬರೆ’ ಮೆಥಡ್ ಕರೆದ ಕೂಡಲೇ ನಲ್ ಪಾಯಿಂಟರ್. ತಪ್ಪಿರುವುದು ಕನ್ಸ್ಟ್ರಕ್ಟರ್‌ನ ಆ ಒಂದು ಸಾಲಿನ ಮೊದಲ ಪದದಲ್ಲಿ. ‘ಇಂಟ್[][]’ ಎಂದು ಮತ್ತೆ ಬರೆದದ್ದರಿಂದ ಹೊಸದೊಂದು ತೂಕ ಹುಟ್ಟಿತು. 4×5 ಕೋಷ್ಟಕ ಸೇರಿದ್ದು ಆ ಹೊಸ ಹೆಸರಿಗೆ. ಕನ್ಸ್ಟ್ರಕ್ಟರ್ ಮುಗಿದಾಗ ಹೆಸರೂ ಹೋಯಿತು, ಕೋಷ್ಟಕವೂ ದಿಕ್ಕಿಲ್ಲದಾಯಿತು. ಮೇಲಿನ ಫೀಲ್ಡ್ ತೂಕ ಮೊದಲಿನಂತೆ ನಲ್. ಒಂದೇ ಹೆಸರಿನ ಎರಡು ಫಲಕ. ಕಟ್ಟಡ ಎದ್ದದ್ದು ಇನ್ನೊಂದರ ಹಿಂದೆ.

ದುರಸ್ತಿ ಸುಲಭ: ಆ ‘ಇಂಟ್[][]’ ಅಳಿಸಿ ತೂಕ = ನ್ಯೂ ಇಂಟ್[4][5]; ಎಂದಷ್ಟೇ ಉಳಿಸುವುದು, ಅಥವಾ ಅದರ ಬದಲು ದಿಸ್.ತೂಕ (ಈ ವಸ್ತುವಿನದೇ ತೂಕ) ಎಂದು ಬರೆಯುವುದು. ಇನ್ನೂ ಭದ್ರವಾದದ್ದು ಫೀಲ್ಡಿನ ಸಾಲಿನ ಆರಂಭದಲ್ಲಿ ‘ಫೈನಲ್’ ಸೇರಿಸುವುದು. ಫೈನಲ್ ಫೀಲ್ಡಿಗೆ ಕನ್ಸ್ಟ್ರಕ್ಟರ್ ಮುಗಿಯುವುದರೊಳಗೆ ಬೆಲೆ ಸಿಗಲೇಬೇಕೆಂದು ಜಾವಾ ಹಟ ಹಿಡಿಯುತ್ತದೆ. ಸಿಗದಿದ್ದರೆ ಕಂಪೈಲೇ ಆಗದು. ಓಡುವಾಗ ಬರುವ ದೋಷವನ್ನು ಕಂಪೈಲ್ ದೋಷವಾಗಿ ಬದಲಾಯಿಸಲು ಇಷ್ಟು ಅಗ್ಗದ ಉಪಾಯ ಇನ್ನೊಂದಿಲ್ಲ. ಫೈನಲ್ ಎಂದರೆ ಮನೆಗಳ ಬೆಲೆ ಬದಲಿಸಲಾಗದು ಎಂದು ಹೆದರಬೇಡಿ. ಫಲಕವನ್ನು ಬೇರೆ ಕಟ್ಟಡಕ್ಕೆ ತಿರುಗಿಸಲಾಗದು, ಅಷ್ಟೇ. ಒಳಗಿನ ತೂಕ ದಿನಕ್ಕೆ ಹತ್ತು ಸಲ ಬದಲಿಸಿ.

ಒಂದು ಕ್ಲಾಸ್ ಇನ್ನೊಂದರಿಂದ ಗುಣ ಪಡೆಯುವ ಆನುವಂಶಿಕತೆಯಲ್ಲೂ ಇದರ ಒಬ್ಬ ಸೋದರ ಇದ್ದಾನೆ. ತಂದೆ ಕ್ಲಾಸಿನ ಕನ್ಸ್ಟ್ರಕ್ಟರ್ ಒಂದು ಮೆಥಡನ್ನು ಕರೆಯುತ್ತದೆ, ಅದನ್ನು ಮಗ ಕ್ಲಾಸ್ ತನ್ನ ರೀತಿಯಲ್ಲಿ ಮತ್ತೆ ಬರೆದಿದೆ, ಅದರಲ್ಲಿ ಮಗನ ಅರೇ ಬಳಕೆಯಾಗುತ್ತದೆ. ಜಾವಾ ಮೊದಲು ಓಡಿಸುವುದು ತಂದೆಯ ಕನ್ಸ್ಟ್ರಕ್ಟರನ್ನು. ಆ ಹೊತ್ತಿಗೆ ಮಗನ ಫೀಲ್ಡುಗಳಿಗೆ ಬೆಲೆಯೇ ಬಂದಿರುವುದಿಲ್ಲ; ಫೀಲ್ಡಿನ ಪಕ್ಕದಲ್ಲೇ ‘= ನ್ಯೂ ಇಂಟ್[4][5]’ ಎಂದಿದ್ದರೂ ಅದು ಓಡುವುದು ಆಮೇಲೆ. ಹಾಗಾಗಿ ಮಗ ಬದಲಿಸಬಹುದಾದ ಮೆಥಡನ್ನು ಕನ್ಸ್ಟ್ರಕ್ಟರ್‌ನಿಂದ ಕರೆಯಬಾರದು.

ಸಾಲಿನ ಉದ್ದ ಏರುಪೇರಾದಾಗ

ಉತ್ತರ ಕನ್ನಡದಲ್ಲಿ 12 ತಾಲ್ಲೂಕು. ಮಳೆಯ ಲೆಕ್ಕಕ್ಕೆ ಒಂದು ಪ್ರೋಗ್ರಾಂ ಬರೆಯುವುದಾದರೆ ಒಂದೊಂದು ತಾಲ್ಲೂಕಿನಲ್ಲಿ ಮಳೆಮಾಪಕಗಳ ಸಂಖ್ಯೆ ಒಂದೊಂದು ಎಂದಿಟ್ಟುಕೊಳ್ಳೋಣ. ಎಲ್ಲ ಸಾಲೂ ಒಂದೇ ಉದ್ದ ಇರಬೇಕಾಗಿಲ್ಲ. ನ್ಯೂ ಇಂಟ್[12][] ಎಂದು ಖಾಲಿ ಬಿಡುವ ಸೌಲಭ್ಯ ಇರುವುದೇ ಇಂಥದ್ದಕ್ಕೆ. ಒಂದು ಸಾಲಿಗೆ 6 ಮನೆ, ಇನ್ನೊಂದಕ್ಕೆ 11.

ಇಲ್ಲಿ ಎರಡು ಬಗೆಯ ಪೆಟ್ಟು ಬೀಳಬಹುದು. ಸಾಲು ಇದೆ, ಆದರೆ ಆರು ಮನೆಯ ಸಾಲಿನಲ್ಲಿ [6] ಕೇಳಿದಿರಿ: ಆಗ ಬರುವುದು ‘ಅರೇ ಇಂಡೆಕ್ಸ್ ಔಟ್ ಆಫ್ ಬೌಂಡ್ಸ್’, ಅಂದರೆ ಎಲ್ಲೆ ದಾಟಿದೆ ಎಂಬ ದೋಷ. ಸಾಲೇ ಇಲ್ಲದಿದ್ದರೆ ನಲ್ ಪಾಯಿಂಟರ್. ಮೊದಲನೆಯದಕ್ಕೆ ಮದ್ದು ಲೂಪಿನ ಮಿತಿಯನ್ನು ಕೈಯಿಂದ ಬರೆಯದೆ ಮಳೆ[ತಾ].ಲೆಂತ್ ಎಂದು ಆ ಸಾಲಿನಿಂದಲೇ ಕೇಳುವುದು. ಎರಡನೆಯದು ಸ್ವಲ್ಪ ನಯವಂಚಕ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ, ಭಟ್ಕಳ ಎಂದು 0ಯಿಂದ 4ರವರೆಗೆ ಕರಾವಳಿಯ ಐದು ಸಾಲು ಹಾಕಿ ಪರೀಕ್ಷಿಸಿದಿರಿ, ಎಲ್ಲ ಸರಿ. ಘಟ್ಟದ ಮೇಲಿನ ಏಳು ಸಾಲು ಹಾಕುವುದು ಮರೆತಿದ್ದರೂ ಪ್ರೋಗ್ರಾಂ ತಿಂಗಳುಗಟ್ಟಲೆ ಸುಮ್ಮನೆ ಓಡಬಹುದು, ಯಾರಾದರೂ ಶಿರಸಿಯ ಲೆಕ್ಕ ಕೇಳುವವರೆಗೆ. ಮುಟ್ಟಿದಾಗ ಮಾತ್ರ ಸಿಡಿಯುವ ದೋಷ ಇದು. ‘ನಿನ್ನೆವರೆಗೆ ಸರಿಯಿತ್ತು’ ಎಂಬ ಮಾತು ಸುಳ್ಳಲ್ಲ, ಆ ಸಾಲನ್ನು ನಿನ್ನೆವರೆಗೆ ಯಾರೂ ಮುಟ್ಟಿರಲಿಲ್ಲ.

ಸಾಲು ಹಾಕುವ ಅವಸರದಲ್ಲಿ ಒಂದೇ ಸಾಲನ್ನು ಎಲ್ಲ ಕಡೆ ಕೂರಿಸುವುದೂ ಉಂಟು. ಅರೇಸ್.ಫಿಲ್(ತೂಕ, ನ್ಯೂ ಇಂಟ್[5]) ಎಂದರೆ ನಾಲ್ಕು ಸಾಲು ಆಗುವುದಿಲ್ಲ. ಒಂದೇ ಸಾಲಿಗೆ ನಾಲ್ಕು ಬಾಗಿಲು ಆಗುತ್ತದೆ. ರಾಶಿಗೆ 65 ಬರೆದರೆ ಚಾಲಿ, ಬೆಟ್ಟೆ, ಕೆಂಪುಗೋಟಲ್ಲೂ 65. ಪೈಥಾನ್‌ನಲ್ಲಿ [[0]*5]*4 ಬರೆದವರಿಗೂ ಇದೇ ಗತಿ. ಇಲ್ಲಿ ಕೆಂಪಕ್ಷರವೂ ಬರದು, ಲೆಕ್ಕವೇ ತಪ್ಪಿರುತ್ತದೆ.

ಬೇರೆ ಭಾಷೆಗಳಲ್ಲಿ

ಸಿ ಶಾರ್ಪ್‌ನಲ್ಲಿ ಎರಡು ಪ್ರತ್ಯೇಕ ಬಗೆ ಇವೆ. ನ್ಯೂ ಇಂಟ್[4,5] ಎಂದು ಅಲ್ಪವಿರಾಮ ಹಾಕಿದರೆ ನಿಜವಾಗಿ ಒಂದೇ ತುಂಡಿನ ಕೋಷ್ಟಕ, ಸಾಲು ಮರೆಯುವ ಪ್ರಶ್ನೆಯೇ ಇಲ್ಲ. ನ್ಯೂ ಇಂಟ್[4][] ಎಂದರೆ ಜಾವಾದ ಹಾಗೆ ಅರೇಗಳ ಅರೇ. ನ್ಯೂ ಇಂಟ್[4][5] ಎಂದರೆ ಕಂಪೈಲೇ ಆಗದು. ದೋಷದ ಹೆಸರು ಅಲ್ಲಿ ‘ನಲ್ ರೆಫರೆನ್ಸ್ ಎಕ್ಸೆಪ್ಶನ್’.

ಸಿ ಪ್ಲಸ್ ಪ್ಲಸ್ ಹೆಚ್ಚು ಅಪಾಯಕಾರಿ, ಯಾಕೆಂದರೆ ಅದು ಕೂಗುವುದೇ ಇಲ್ಲ. ಫಂಕ್ಷನ್ ಒಳಗೆ ಇಂಟ್ ತೂಕ[4][5]; ಎಂದರೆ ಇಪ್ಪತ್ತು ಮನೆ ಸಿಗುತ್ತವೆ, ಆದರೆ ಒಳಗೆ ಆ ಜಾಗದಲ್ಲಿ ಹಿಂದೆ ಇದ್ದ ಏನೋ ಕಸ. ಹಿಂದಿನವರ ಚೀಲ ಇಳಿಸದೇ ಇದ್ದ ತಕ್ಕಡಿಯ ಮೇಲೆ ನಿಮ್ಮ ಚೀಲ ಏರಿಸಿದ ಹಾಗೆ: ಅಂಕಿ ಬರುತ್ತದೆ, ಅದು ನಿಮ್ಮದಲ್ಲ. ಹಾಗೆ ಓದಿದಾಗ ಏನಾಗಬೇಕೆಂದು ಭಾಷೆಯ ನಿಯಮ ಹೇಳುವುದೇ ಇಲ್ಲ. ಇಂಟ್ ತೂಕ[4][5] = {}; ಎಂದು ಖಾಲಿ ಆವರಣ ಕೊಟ್ಟರೆ ಎಲ್ಲವೂ ಸೊನ್ನೆ. ವೆಕ್ಟರ್ (ಬೇಕಾದಂತೆ ಹಿಗ್ಗುವ ಅರೇ) ಬಳಸುವವರು ಖಾಲಿ ವೆಕ್ಟರ್‌ಗೆ [0][0] ಎಂದರೂ ಅದು ಎಲ್ಲೆ ನೋಡುವುದಿಲ್ಲ; .ಆ್ಯಟ್(0) ಎಂದು ಕೇಳಿದರೆ ನೋಡಿ, ‘ಔಟ್ ಆಫ್ ರೇಂಜ್’ ಎಂದು ತಡೆಯುತ್ತದೆ. ಕಸದ ಬೆಲೆ ಓದಿದ್ದನ್ನು ಪತ್ತೆಹಚ್ಚಲು ವಾಲ್‌ಗ್ರೈಂಡ್ ಎಂಬ ಸಲಕರಣೆ ಇದೆ.

ಕೆಂಪಕ್ಷರ ಓದುವ ಬಗೆ

ಹೆಚ್ಚಿನವರು ಕೆಂಪಕ್ಷರ ಕಂಡ ಕೂಡಲೇ ಮುಚ್ಚುತ್ತಾರೆ. ಬೇಕಾದ ಸುಳಿವೆಲ್ಲ ಇರುವುದು ಅಲ್ಲೇ. ಮೊದಲ ಸಾಲಿನಲ್ಲಿ ದೋಷದ ಹೆಸರು ಮತ್ತು ಕಾರಣ. ಕೆಳಗಿನ ಒಂದೊಂದು ಸಾಲಿನಲ್ಲೂ ಕ್ಲಾಸ್, ಮೆಥಡ್, ಫೈಲಿನ ಹೆಸರು, ಸಾಲಿನ ಸಂಖ್ಯೆ. ಮೇಲಿನಿಂದ ಕೆಳಗೆ ಬರುತ್ತ ನಿಮ್ಮದೇ ಫೈಲಿನ ಹೆಸರು ಮೊದಲು ಸಿಗುವಲ್ಲಿ ನಿಲ್ಲಿ.

ಹಳೆಯ ಜಾವಾದಲ್ಲಿ ಮೊದಲ ಸಾಲು ಮೂಕವಾಗಿತ್ತು. ಒಂದೇ ಸಾಲಿನಲ್ಲಿ ನಾಲ್ಕು ಕಡೆ ನಲ್ ಆಗುವ ಸಾಧ್ಯತೆ ಇದ್ದರೆ ಯಾವುದು ಎಂದು ಊಹಿಸಬೇಕಿತ್ತು. 2020ರಲ್ಲಿ ಬಂದ ಜಾವಾ 14ರಲ್ಲಿ ಬಿಡಿಸಿ ಹೇಳುವ ಸಂದೇಶ ಸೇರಿತು, ಜಾವಾ 15ರಿಂದ ಅದು ತಾನಾಗಿಯೇ ಬರುತ್ತದೆ. ‘ಇಂಥದ್ದು ನಲ್ ಆದ್ದರಿಂದ’ ಎಂದು ಉದ್ಧರಣ ಚಿಹ್ನೆಯೊಳಗೆ ತೋರಿಸುತ್ತದೆ. ಆ ಚಿಹ್ನೆಯೊಳಗಿನ ಚೌಕ ಆವರಣಗಳನ್ನು ಎಣಿಸಿ. ‘ದಿಸ್.ಸರಕು’ ಎಂದು ಒಂದೂ ಆವರಣವಿಲ್ಲದೆ ಬಂದರೆ ಕಟ್ಟಡವೇ ಇಲ್ಲ. ಕನ್ಸ್ಟ್ರಕ್ಟರ್ ನೋಡಿ, ಎರಡನೆಯ ಫಲಕ ಹುಡುಕಿ. ‘ಸರಕು[ಬಗೆ]’ ಎಂದು ಒಂದು ಆವರಣವಿದ್ದರೆ ಸಾಲು ಹಾಕಿಲ್ಲ. ‘ಸರಕು[ಬಗೆ][ದಿನ]’ ಎಂದು ಎರಡಿದ್ದರೆ ಮನೆಯೊಳಗೆ ವಸ್ತು ಇಟ್ಟಿಲ್ಲ. ಹೆಸರಿನ ಬದಲು ‘ಲೋಕಲ್1’ ಎಂಬಂಥದ್ದು ಕಂಡರೆ ಕಂಪೈಲ್ ಮಾಡುವಾಗ ಜಾವಾಸಿ ಆಜ್ಞೆಗೆ ‘-ಜಿ’ ಸೇರಿಸಿ, ನಿಜವಾದ ಹೆಸರೇ ಬರುತ್ತದೆ.

ಆ ಸಾಲಿನ ಸಂಖ್ಯೆ ಹೇಳುವುದು ಕಾಲು ಜಾರಿದ ಜಾಗ. ನೀರು ಚೆಲ್ಲಿದ್ದು ಬೇರೆಡೆ. ಅಲ್ಲಿಂದ ಹಿಂದಕ್ಕೆ ಹೋಗಿ, ಆ ಅರೇಗೆ ನ್ಯೂ ಎಲ್ಲಿ ಬರಬೇಕಿತ್ತು ಎಂದು ಹುಡುಕಬೇಕು. ಕೋಷ್ಟಕವನ್ನೇ ಒಮ್ಮೆ ಮುದ್ರಿಸಿ ನೋಡುವುದಾದರೆ ಅರೇಸ್.ಡೀಪ್‌ಟುಸ್ಟ್ರಿಂಗ್(ತೂಕ) ಬಳಸಿ, ಹಾಕಿದ ಸಾಲಿಗೆ [0, 0, 0, 0, 0], ಹಾಕದ ಸಾಲಿಗೆ ನಲ್ ಎಂದು ಸ್ಪಷ್ಟವಾಗಿ ಬರುತ್ತದೆ.

ಸಾಲು ಇಲ್ಲದಿರುವುದೇ ಸಹಜವಾದ ಕಡೆ, ಮಾಹಿತಿ ಇನ್ನೂ ಬಾರದ ತಾಲ್ಲೂಕಿನಂಥ ಕಡೆ, ಮೊದಲೇ ಕೇಳಿ ನೋಡಬಹುದು: ಇಫ್ (ಮಳೆ != ನಲ್ && ಮಳೆ[ತಾ] != ನಲ್). ಕ್ರಮ ತಿರುಗಿಸಬಾರದು. ಜಾವಾ ಎಡದಿಂದ ನೋಡುತ್ತದೆ, ಎಡದ್ದು ಸುಳ್ಳಾದರೆ ಬಲಕ್ಕೆ ಹೋಗುವುದೇ ಇಲ್ಲ. ತಿರುಗಿಸಿದರೆ ಪರೀಕ್ಷೆಯೇ ದೋಷ ತರುತ್ತದೆ. ದೋಷ ಹಿಡಿಯುವ ಟ್ರೈ-ಕ್ಯಾಚ್ ಹಾಕಿ ಅದನ್ನು ನುಂಗಿಸಿ, ಕ್ಯಾಚ್ ಒಳಗೆ ಏನೂ ಬರೆಯದೆ ಬಿಡುವುದು ಮಾತ್ರ ಕೆಟ್ಟ ಚಾಳಿ. ಕೆಂಪಕ್ಷರ ಕಾಣದು ನಿಜ, ಆದರೆ 65 ಕಿಲೊ ಎಲ್ಲಿಯೂ ದಾಖಲಾಗದೆ ಚೀಟಿ ಹೊರಬರುತ್ತದೆ.

ಕೌಂಟರಿನಲ್ಲಿ ಕೂತವರು ಕೋಡ್ ಮುಟ್ಟಬೇಕಾಗಿಲ್ಲ. ಪರದೆ ಮುಚ್ಚುವ ಮುನ್ನ ಕೆಂಪಕ್ಷರ ಪೂರ್ತಿ ಬರುವಂತೆ ಒಂದು ಫೋಟೊ, ಜೊತೆಗೆ ಆಗ ಯಾವ ಬಗೆಯ ಅಡಿಕೆ, ಯಾವ ದಿನಾಂಕ ಹಾಕುತ್ತಿದ್ದಿರಿ ಎಂಬ ಒಂದು ಸಾಲು ಕಳಿಸಿದರೆ ಸಾಕು. ಯಾವ ಸಾಲು, ಯಾವ ಮನೆ ಎಂಬುದು ಪ್ರೋಗ್ರಾಂ ಬರೆದವರಿಗೆ ಅದರಿಂದಲೇ ಸಿಗುತ್ತದೆ.